ಎರಡನೆಯ ಭಾರ

ಟಿಕ್.

ಮಧ್ಯರಾತ್ರಿ ಕಳೆದಿತ್ತು. ಶೆಡ್ಡಿನಲ್ಲಿ ನಾನೊಬ್ಬಳೇ ಇದ್ದೇನೆ ಅಂದುಕೊಂಡಿದ್ದೆ. ಸದ್ದು ಬಂದದ್ದು ಗೋಡೆಗೆ ತೂಗುಹಾಕಿದ್ದ ಪೆಟ್ಟಿಗೆಯೊಳಗಿನಿಂದ. ಉಗುರಿನಿಂದ ಗಾಜನ್ನು ಒಮ್ಮೆ ತಟ್ಟಿದಷ್ಟು ಸಣ್ಣ ಸದ್ದು.

ಕುರ್ಚಿಯನ್ನು ಗೋಡೆಗೆ ಆನಿಸಿ, ಬಾಗಿಲು ಕಣ್ಣಿಗೆ ಬೀಳುವಂತೆ ಕೂತಿದ್ದೆ. ಎಲ್ಲಿ ಹೋದರೂ ನಾನು ಕೂರುವುದೇ ಹಾಗೆ. ಎದ್ದು ಪೆಟ್ಟಿಗೆಯ ಮುಂದೆ ನಿಂತೆ. ಎರಡು ಟ್ಯಾಂಕುಗಳಿಗೆ ಎರಡು ಅಂಕಿಗಳು. ಈ ಶೆಡ್ಡಿನ ಒಡೆಯರಲ್ಲೊಬ್ಬನಾದ ತೋವಾನ್‌ನ ಹೆಣ ಎತ್ತಿದ ಮೇಲೆ ಮೊದಲನೆಯ ಟ್ಯಾಂಕನ್ನು ನಾವು ಪೊಲೀಸರೇ ಖಾಲಿ ಮಾಡಿಸಿ ಮೊಹರು ಹಾಕಿದ್ದೆವು. ಅದರ ಅಂಕಿ ಸೊನ್ನೆ. ಎರಡನೆಯದರಲ್ಲಿ ಬರೀ ಉಪ್ಪುನೀರು. ಅದರ ಅಂಕಿ ಈಗ ತಾನೇ ನಾಲ್ಕು ಏರಿತ್ತು.

ಪಂಪು ನಿಂತಿತ್ತು. ನಲ್ಲಿಗಳೆಲ್ಲ ಬಂದಾಗಿದ್ದವು. ನೀರು ಎಲ್ಲಿಂದ ಬಂತು?

"ಯಾರದು?" ಅಂದೆ. ದನಿ ನನ್ನದೇ ಅನ್ನಿಸಲಿಲ್ಲ.

"ನಾನೇ ಅಕ್ಕ." ಎರಡನೆಯ ಟ್ಯಾಂಕಿನ ಹಿಂದಿನಿಂದ ಥಾಕ್‌ನ ತಲೆ ಎದ್ದಿತು. ನನ್ನ ಕೈಕೆಳಗಿನ ಪೇದೆ. ಬಾಯಲ್ಲಿ ಸದಾ ಏನಾದರೂ ಇರುತ್ತದೆ, ಈಗಲೂ ಇತ್ತು. "ಹೆದರ್ಕೊಂಡ್ರಾ?"

"ಏನ್ ಮಾಡ್ದೆ ಅಲ್ಲಿ?"

"ಏನಿಲ್ಲ. ಬೇಲಿ ಪಕ್ಕದ ಅಂಗಡಿಯವಳು ಎಳನೀರಿನ ಗೊನೆ ಕೊಟ್ಲು. ಬಿಸಿ ಹೊಡೀತಿತ್ತು. ತಣ್ಣಗಾಗ್ಲಿ ಅಂತ ನೀರಿಗೆ ಬಿಟ್ಟೆ."

"ಕೊಲೆ ನಡೆದ ಜಾಗ ಕಣೋ ಇದು!"

"ಕೊಲೆ ನಡೆದಿದ್ದು ಆ ಟ್ಯಾಂಕಲ್ಲಿ ಅಕ್ಕ. ಇದು ಪಾಪ, ನಿರಪರಾಧಿ ಟ್ಯಾಂಕು."

ಬೈಯುವಷ್ಟು ಕಸುವೂ ನನ್ನಲ್ಲಿ ಉಳಿದಿರಲಿಲ್ಲ. "ಹೊರಗೆ ತೆಗಿ," ಅಂದೆ.

ತೆಗೆದ. ಟಿಕ್. ಅಂಕಿ ನಾಲ್ಕು ಇಳಿಯಿತು.

"ಮತ್ತೆ ಹಾಕು."

"ತೆಗಿ ಅಂದ್ರಿ, ಹಾಕು ಅಂತೀರ. ಮದುವೆಯಾದವರು ಹೀಗೇ ಆಗ್ತಾರೆ ಅಂತ ನಮ್ಮಮ್ಮ ಹೇಳ್ತಿರ್ತಾಳೆ."

ಹಾಕಿದ. ಟಿಕ್. ನಾಲ್ಕು ಏರಿತು.

ನಾನು ಪೆಟ್ಟಿಗೆಯ ಮುಂದೆ ಹಾಗೇ ನಿಂತುಬಿಟ್ಟೆ. ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಟಲೆ ಹುದುಗಿಸಿ ರಸ ಇಳಿಸುವ ಈ ದ್ವೀಪದ ಮೀನುರಸದ ಮನೆಗಳಲ್ಲಿ ಮಟ್ಟ ನೋಡುವುದೆಂದರೆ ಬಿದಿರ ಕೋಲು ಇಳಿಸಿ, ಒದ್ದೆಯಾದಲ್ಲಿಗೆ ಬೆರಳಿಟ್ಟು ಹೇಳುವುದು. ತೋವಾನ್ ಮಾತ್ರ ಎರಡು ವರ್ಷದ ಹಿಂದೆ ಈ ಉಕ್ಕಿನ ಟ್ಯಾಂಕುಗಳನ್ನೂ ಪೆಟ್ಟಿಗೆಯನ್ನೂ ತರಿಸಿದ್ದ. ಪೆಟ್ಟಿಗೆಯ ತಂತಿಯ ತುದಿಗೆ ಹೆಬ್ಬೆರಳು ಗಾತ್ರದ ಲೋಹದ ಗುಂಡಿಯೊಂದು ಟ್ಯಾಂಕಿನ ತಳದಲ್ಲಿ ಕೂತಿರುತ್ತದೆ. ಅದು ಎತ್ತರ ಅಳೆಯುತ್ತದೆ ಎಂದೇ ನಾನು ತಿಳಿದಿದ್ದೆ. ಅಲ್ಲ. ಅದಕ್ಕೆ ಕಣ್ಣಿಲ್ಲ. ತನ್ನ ತಲೆಯ ಮೇಲೆ ಎಷ್ಟು ಒತ್ತಡ ಬಿದ್ದಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದರಿಂದ ಎತ್ತರವನ್ನು ಲೆಕ್ಕ ಹಾಕಿ ಹೇಳುತ್ತದೆ. ರಸ ಸುರಿದರೂ ಒತ್ತುತ್ತದೆ, ಎಳನೀರು ತೇಲಿಬಿಟ್ಟರೂ ಒತ್ತುತ್ತದೆ.

ಮನುಷ್ಯ ಬಿದ್ದರೂ.

ಆ ಟ್ಯಾಂಕು ಒಂದು ತಕ್ಕಡಿಯಾಗಿತ್ತು. ನಾಲ್ಕು ದಿನದಿಂದ ನಾನು ಅದರ ಪಕ್ಕದಲ್ಲೇ ಕೂತಿದ್ದೆ.

ತೋವಾನ್ ಆ ಮೊದಲನೆಯ ಟ್ಯಾಂಕಿನಲ್ಲಿ ಸತ್ತು ತೇಲುತ್ತಿದ್ದ, ಮುಚ್ಚಳದ ಮೇಲೆ ಕಲ್ಲು ಹೇರಿತ್ತು. ಒಳಗಿರುವವನು ಹೊರಗಿನ ಕಲ್ಲನ್ನು ತಾನೇ ಇಟ್ಟುಕೊಳ್ಳಲಾರ. ಅದಕ್ಕೇ ನಾವು ಕೊಲೆ ಎಂದಿದ್ದು.

ಪೆಟ್ಟಿಗೆಯ ಗಾಜಿನ ಮೇಲೆ ಹಿಂದಿನ ದಿನಗಳ ಗೆರೆಯನ್ನೂ ನೋಡಬಹುದು. ಮೊದಲ ದಿನವೇ ನೋಡಿದ್ದೆವು. ಅಂಗೈ ಅಗಲದಲ್ಲಿ ಇಡೀ ತಿಂಗಳು, ಕೂದಲೆಳೆಯಷ್ಟು ತೆಳು ಗೆರೆ. ಪಂಪು ಓಡಿದಾಗ ರಸ ಮರದ ಪೀಪಾಯಿಗಳ ಕಡೆಗೆ ಹೋಗಿ ಗೆರೆ ಇಳಿಜಾರಾಗುತ್ತದೆ. ಆ ರಾತ್ರಿ ಒಂದು ಕಡೆ ಮೇಲೆ ಹಾರಿತ್ತು. ಮನುಷ್ಯ ಬಿದ್ದ, ರಸ ಏರಿತು ಎಂದು ಬರೆದುಕೊಂಡು ಮುಂದೆ ಹೋಗಿದ್ದೆವು.

ಈಗ ಆ ಒಂದು ರಾತ್ರಿಯನ್ನು ಮಾತ್ರ ಗಾಜಿನ ತುಂಬ ಹಿಗ್ಗಿಸಿದೆ.

ಗೆರೆ ಹಾರಿದ್ದು ಒಂದೇ ಸಲವಲ್ಲ. ಮೊದಲು ಒಂದು ಸಣ್ಣ ಮೆಟ್ಟಿಲು. ಅನ್ನ ಬೇಯುವಷ್ಟೂ ಹೊತ್ತಿಲ್ಲ, ಅದರ ಮೇಲೆ ದೊಡ್ಡ ಮೆಟ್ಟಿಲು. ಸ್ವಲ್ಪ ಹೊತ್ತಿನ ಮೇಲೆ ಗೆರೆ ಕೆಳಗಿಳಿದಿತ್ತು. ಇಳಿದದ್ದು ಸಣ್ಣ ಮೆಟ್ಟಿಲಿನಷ್ಟೇ.

"ಥಾಕ್."

"ಹೂಂ ಅಕ್ಕ."

"ಅವತ್ತು ಒಳಗೆ ಇಬ್ಬರು ಇದ್ದರು."

ಥಾಕ್ ಅಗಿಯುವುದನ್ನು ನಿಲ್ಲಿಸಿದ. "ಒಬ್ಬ ಹೊರಗೆ ಬಂದ?"

"ಬಂದ. ಇಲ್ಲ, ಬಂದಳು. ಗೊತ್ತಿಲ್ಲ."

ಬೇರೆ ಊರಾಗಿದ್ದರೆ ಆ ಮನುಷ್ಯ ಬೆಳಗಾಗುವುದರೊಳಗೆ ಸಿಕ್ಕಿಬೀಳುತ್ತಿದ್ದ. ಮೀನುರಸದಲ್ಲಿ ಮುಳುಗಿ ಎದ್ದವನ ವಾಸನೆ ಎಷ್ಟು ಸೋಪು ಹಚ್ಚಿದರೂ ಹೋಗುವುದಿಲ್ಲ. ನಮ್ಮ ದ್ವೀಪದಲ್ಲಿ ಎಲ್ಲರ ಅಂಗಿಯೂ ಅದೇ ವಾಸನೆ. ನನ್ನ ಸಮವಸ್ತ್ರವೂ.

*

ಬೆಳಿಗ್ಗೆ ಸಾಹೇಬರ ಫೋನು ಬಂತು.

"ಸೆನ್, ಮಧ್ಯಾಹ್ನದ ದೋಣಿಗೆ ಬಾಂಗ್‌ನ ಹತ್ತಿಸ್ತೀಯೋ, ಬಿಟ್ಟುಬಿಡ್ತೀಯೋ? ಎರಡರಲ್ಲೊಂದು ಹೇಳು. ಜಿಲ್ಲೆಯವರು ನನ್ನ ತಲೆ ತಿಂತಿದಾರೆ."

"ದೋಣಿ ಹೊರಡೋದರೊಳಗೆ ಹೇಳ್ತೀನಿ ಸರ್."

ಬಾಂಗ್ ಈ ಮನೆಯ ರಸ ಇಳಿಸುವ ಹಿರಿಯ, ತೋವಾನ್‌ನ ಪಾಲುದಾರ. ಹಳೆಯ ಮರದ ಪೀಪಾಯಿಗಳನ್ನು ಮಾರಿ ಎಲ್ಲವನ್ನೂ ಉಕ್ಕಿಗೆ ಬದಲಿಸೋಣ ಎಂದು ತೋವಾನ್ ಹಟ ಹಿಡಿದಿದ್ದ. "ಇನ್ನೊಂದು ಸಲ ಆ ಮಾತೆತ್ತಿದರೆ ನಿನ್ನನ್ನೇ ಉಪ್ಪು ಹಾಕಿ ಪೀಪಾಯಿಗೆ ತುಂಬ್ತೀನಿ" ಎಂದು ಬಾಂಗ್ ಮೀನುಪೇಟೆಯಲ್ಲಿ ಕೂಗಿದ್ದನ್ನು ಅರ್ಧ ಊರು ಕೇಳಿತ್ತು. ಶೆಡ್ಡಿನ ಬೀಗದ ಕೈ ಇದ್ದದ್ದು ಅವರಿಬ್ಬರ ಹತ್ತಿರ ಮಾತ್ರ. ಜಿಲ್ಲೆಯ ಜೈಲಿಗೆಂದು ದೋಣಿ ಹತ್ತಿಸಿದರೆ ಬಾಂಗ್ ಮತ್ತೆ ಬೇಗ ಬರುವವನಲ್ಲ.

ನನ್ನ ನಿದ್ದೆ ಕೆಡಿಸಿದ್ದು ಅವನಲ್ಲ, ಅವನ ತಾಯಿ. ನಾಮ್ ಅಜ್ಜಿಗೆ ಎಂಬತ್ತು ದಾಟಿದೆ. ನೆನಪು ಬರುತ್ತದೆ, ಹೋಗುತ್ತದೆ. ಮಗನ ಕೈಯಿಂದ ಮಾತ್ರ ಅನ್ನ ತಿನ್ನುತ್ತಾಳೆ; ಬೇರೆ ಯಾರು ತುತ್ತು ಹಿಡಿದರೂ ಬಾಯಿ ಬಿಗಿಯುತ್ತಾಳೆ. ಬೇರೆ ಮಕ್ಕಳಿಲ್ಲ. ಅವನು ದೋಣಿ ಹತ್ತಿದ ದಿನವೇ ಅಜ್ಜಿಯ ಕಥೆ ಮುಗಿದಂತೆ. ಸಾಹೇಬರಿಗೆ ಅದನ್ನು ಹೇಳಿದರೆ, "ನಾವೇನು ಅನಾಥಾಶ್ರಮ ನಡೆಸ್ತಿದೀವಾ?" ಅನ್ನುತ್ತಾರೆ. ಅಂದದ್ದೂ ಆಗಿತ್ತು.

ಬಾಂಗ್ ಹೇಳಿದ ಹೊತ್ತಿಗೇ ಬಂದ. ದಪ್ಪ ಮೈ, ಅಗಲ ಹೆಗಲು. ಸ್ಕೂಟರಿನ ಹಿಂದೆ ತಾಯಿಯನ್ನು ಚೌಕುಳಿ ವಸ್ತ್ರದಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡು ಬಂದಿದ್ದ, ಕೂಸನ್ನು ಕಟ್ಟಿಕೊಂಡ ಹಾಗೆ. ಶೆಡ್ಡಿನ ಹೊರಗೆ ಬಾದಾಮಿ ಮರದ ನೆರಳಲ್ಲಿ ಅವಳನ್ನು ಕೂರಿಸಿ, ತಾಳೆಗರಿ ಟೋಪಿ ಸರಿಮಾಡಿ, ಒಳಗೆ ಬಂದ.

"ಅಮ್ಮನ್ನ ಒಬ್ಬಳೇ ಬಿಟ್ಟು ಬರಕ್ಕಾಗಲ್ಲ ತಂಗಿ. ಬೇಗ ಮುಗಿಸು."

ನಾವಿಬ್ಬರೂ ಒಂದೇ ಓಣಿಯವರು. ನಾನು ಪೊಲೀಸಾದರೂ ಅವನಿಗೆ ತಂಗಿಯೇ.

"ಇದನ್ನ ನೋಡಿ ಬಾಂಗ್ ಅಣ್ಣ." ಪೆಟ್ಟಿಗೆಯ ಗೆರೆ ತೋರಿಸಿದೆ. "ಅವತ್ತು ರಾತ್ರಿ ತೋವಾನ್ ಜೊತೆ ಇನ್ನೊಬ್ಬರು ಟ್ಯಾಂಕಿಗೆ ಬಿದ್ದಿದ್ದಾರೆ. ಬಿದ್ದು, ಹೊರಗೆ ಬಂದಿದ್ದಾರೆ."

ಅವನು ಗೆರೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿದ. ಒಂದು ಉಸಿರು ಎಳೆದುಕೊಂಡ.

"ನಾನೇ," ಅಂದ.

ಥಾಕ್ ಕೈಯಲ್ಲಿದ್ದ ಶ್ಯಾವಿಗೆಯ ಬಟ್ಟಲು ಕೆಳಗಿಟ್ಟ.

"ಜಗಳ ಆಯ್ತು. ಕೈ ಕೈ ಮಿಲಾಯಿಸಿದ್ವಿ. ಇಬ್ಬರೂ ಒಟ್ಟಿಗೆ ಬಿದ್ವಿ. ನಾನು ಎದ್ದು ಬಂದೆ, ಮುಚ್ಚಳ ಹಾಕಿ ಕಲ್ಲಿಟ್ಟೆ. ಬರ್ಕೋ. ದೋಣಿ ಎಷ್ಟೊತ್ತಿಗೆ?"

"ಒಟ್ಟಿಗೆ ಬಿದ್ರಾ?"

"ಒಟ್ಟಿಗೆ."

"ಅಣ್ಣ, ಅಂಗಿ ಬಿಚ್ಚಿ ಈ ಟ್ಯಾಂಕಿಗೆ ಇಳೀರಿ."

"ಏನು?"

"ಇದೂ ಅದೂ ಒಂದೇ ಅಳತೆ. ಇಳೀರಿ."

"ನಿನಗೆ ತಲೆ ಕೆಟ್ಟಿದೆಯಾ? ಒಪ್ಕೊಂಡಿದೀನಲ್ಲ!"

"ಒಪ್ಕೊಂಡಿದ್ದಕ್ಕೇ ಹೇಳ್ತಿದೀನಿ."

ಥಾಕ್ ಬಿದಿರೇಣಿ ಇಳಿಬಿಟ್ಟ. "ನನ್ನ ಎಳನೀರು ಇದಾವೆ, ತೆಗೀತೀನಿ ತಡೀರಿ. ಒಡೆದುಬಿಟ್ಟೀರ," ಅಂದ.

ಬಾಂಗ್ ಇಳಿದ. ಏಣಿ ಬಿಟ್ಟ ಕೂಡಲೇ ಉಪ್ಪುನೀರು ಅವನನ್ನು ಬೆಂಡಿನಂತೆ ಎತ್ತಿ ಹಿಡಿಯಿತು. ಟಿಕ್, ಟಿಕ್, ಟಿಕ್ ಎಂದು ಪೆಟ್ಟಿಗೆ ಓಡಿತು. ಅವನು ಕೈ ಆಡಿಸಿದಷ್ಟು ಹೊತ್ತೂ ಗೆರೆ ಗಾಳಿಗೆ ಸಿಕ್ಕ ದಾರದಂತೆ ನಡುಗುತ್ತಿತ್ತು.

"ಅಲ್ಲಾಡಬೇಡಿ ಅಣ್ಣ."

ನಿಂತ. ಗೆರೆಯೂ ನಿಂತಿತು. ಅವನ ಮೆಟ್ಟಿಲು, ಆ ರಾತ್ರಿಯ ದೊಡ್ಡ ಮೆಟ್ಟಿಲಿಗಿಂತಲೂ ಎತ್ತರವಾಗಿತ್ತು. ದೊಡ್ಡದು ತೋವಾನ್‌ನದು, ಅವನ ತೂಕವನ್ನು ಆಸ್ಪತ್ರೆಯವರು ಬರೆದಿದ್ದರು, ಲೆಕ್ಕ ಸರಿಯಾಗಿತ್ತು. ಸಣ್ಣದು ಬಾಂಗ್‌ನ ಅರ್ಧದಷ್ಟೂ ಇರಲಿಲ್ಲ.

ಅವನು ಮೇಲೆ ಬಂದು, ನೀರು ಸುರಿಸುತ್ತ ನಿಂತ. ಗೆರೆಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದೆ.

"ನೀವಲ್ಲ. ಒಟ್ಟಿಗೂ ಬಿದ್ದಿಲ್ಲ. ಮೊದಲು ಬಿದ್ದಿದ್ದು ಹಗುರದವರು. ಅವರ ಹಿಂದೆ ತೋವಾನ್ ಇಳಿದಿದ್ದಾನೆ. ಅಂದ್ರೆ ಅವನು ಯಾರನ್ನೋ ಎತ್ತೋಕೆ ಇಳಿದ. ಎತ್ತಿದ. ಆಮೇಲೆ ಅವನ ಮೇಲೆ ಮುಚ್ಚಳ ಬಿತ್ತು." ನಾನು ದನಿ ತಗ್ಗಿಸಿದೆ. "ಇಷ್ಟು ಹಗುರ ಇರೋರು, ಶೆಡ್ಡಿನ ದಾರಿ ಗೊತ್ತಿರೋರು, ಯಾರಿಗೋಸ್ಕರ ನೀವು ಜೈಲಿಗೆ ಹೋಗ್ತೀರೋ ಅವರು, ಈ ಊರಲ್ಲಿ ಎಷ್ಟು ಜನ ಇದಾರೆ ಅಣ್ಣ?"

ಅವನು ಹೊರಗೆ ಬಾದಾಮಿ ಮರದ ಕಡೆ ನೋಡಿದ. ಆಮೇಲೆ ಅಲ್ಲೇ ಸಿಮೆಂಟು ನೆಲದ ಮೇಲೆ ಕುಸಿದು ಕೂತ.

"ಪೆಟ್ಟಿಗೆ ಆರಿಸಿಬಿಡು ತಂಗಿ," ಅಂದ. "ನಿನ್ನ ಕಾಲಿಗೆ ಬೀಳ್ತೀನಿ. ಆರಿಸಿಬಿಡು."

*

ಅವನು ಹೇಳಿದ್ದು ಹೀಗೆ.

ನಾಮ್ ಅಜ್ಜಿ ಅರವತ್ತು ವರ್ಷ ಈ ಮನೆಯ ರಸ ನೋಡಿದವಳು. ಉಪ್ಪು ಸಾಲುವಷ್ಟಿದೆಯೇ ಎಂದು ನೋಡಲು ಈ ಕಡೆಯ ಹೆಂಗಸರು ತಣ್ಣನೆಯ ಅನ್ನದ ಅಗುಳೊಂದನ್ನು ರಸದ ಮೇಲೆ ಬಿಡುತ್ತಾರೆ. ತೇಲಿದರೆ ಸರಿ, ಮುಳುಗಿದರೆ ಉಪ್ಪು ಕಡಿಮೆ. ಮಿಕ್ಕದ್ದೆಲ್ಲ ಮರೆತರೂ ಅಜ್ಜಿ ಅದನ್ನು ಮರೆತಿರಲಿಲ್ಲ. ರಾತ್ರಿ ಎದ್ದು, ಮಗನ ಜೇಬಿನಿಂದ ಬೀಗದ ಕೈ ತೆಗೆದುಕೊಂಡು, ಮುಷ್ಟಿಯಲ್ಲಿ ಅನ್ನ ಹಿಡಿದು ಶೆಡ್ಡಿಗೆ ಬರುತ್ತಿದ್ದಳಂತೆ.

"ಮರದ ಪೀಪಾಯಿಯ ಬಾಯಿಗೆ ಸೊಂಟದ ಎತ್ತರಕ್ಕೆ ಹಲಗೆ ಇರುತ್ತೆ, ಒರಗಿಕೊಳ್ಳಬಹುದು. ಈ ಉಕ್ಕಿನದಕ್ಕೆ ಏನಿದೆ? ಜಾರಿದ್ದಾಳೆ. ತೋವಾನ್ ಅವತ್ತು ಆಫೀಸಲ್ಲೇ ಮಲಗಿದ್ದ. ಸದ್ದು ಕೇಳಿ ಬಂದಿರಬೇಕು."

"ನಿಮಗೆ ಹೇಗೆ ಗೊತ್ತಾಯ್ತು?"

"ಎಚ್ಚರ ಆಯ್ತು. ಹಾಸಿಗೆ ಖಾಲಿ. ಓಡಿ ಬಂದೆ. ಶೆಡ್ಡಲ್ಲಿ ನಿಂತಿದ್ಲು, ಮೈಯೆಲ್ಲ ರಸ. ಮುಚ್ಚಳ ಹಾಕಿತ್ತು." ಅವನು ಕೈಯಿಂದ ಮುಖ ಒರೆಸಿಕೊಂಡ. "ಅವಳೇ ಹಾಕಿದ್ದು ತಂಗಿ. ಅರವತ್ತು ವರ್ಷ, ನೋಡಿದ ಮೇಲೆ ಮುಚ್ಚು, ನೋಡಿದ ಮೇಲೆ ಮುಚ್ಚು. ಒಳಗೆ ಮನುಷ್ಯ ಇದಾನೆ ಅನ್ನೋದು ಹೋಯ್ತು, ಮುಚ್ಚಬೇಕು ಅನ್ನೋದು ಉಳೀತು."

ಥಾಕ್ ಮುಖ ಆ ಕಡೆ ತಿರುಗಿಸಿಕೊಂಡ.

"ಕಲ್ಲು?" ಅಂದೆ. "ಆ ಕಲ್ಲು ಎತ್ತೋಕೆ ಅಜ್ಜಿ ಕೈಲಿ ಆಗಲ್ಲ."

"ನಾನು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಕಲ್ಲಿಲ್ಲದ ಮುಚ್ಚಳ ಕಂಡ್ರೆ ನನ್ನ ಕೈ ತಾನಾಗೇ ಹೋಗುತ್ತೆ. ನಾನೂ ಅವಳ ಮಗನೇ ಅಲ್ವಾ? ಇಟ್ಟೆ. ಅವಳನ್ನ ಮನೆಗೆ ಕರ್ಕೊಂಡು ಹೋಗಿ ಸ್ನಾನ ಮಾಡಿಸ್ದೆ. ಒಳಗೆ ಅವನಿದ್ದಾನೆ ಅಂತ ನನಗೇನು ಗೊತ್ತು? ಬೆಳಿಗ್ಗೆ ಮುಚ್ಚಳ ತೆಗೆದಾಗಲೇ ನೋಡಿದ್ದು."

"ಅವನು ಬಡಿದಿರಬೇಕಲ್ಲ? ಉಕ್ಕಿನ ಟ್ಯಾಂಕು. ಓಣಿಗೆಲ್ಲ ಕೇಳಿಸುತ್ತೆ."

"ಪಂಪು ಓಡ್ತಿತ್ತು. ಅದರ ಗಲಾಟೆ ನಿನಗೇ ಗೊತ್ತಲ್ಲ. ಪಕ್ಕದಲ್ಲಿ ನಿಂತು ಮಾತಾಡಿದ್ರೂ ಕೇಳಿಸಲ್ಲ. ನಾನೇ ಅವಳನ್ನ ಹೊರಗೆ ಕರ್ಕೊಂಡು ಹೋಗೋ ಮುಂಚೆ ಆರಿಸ್ದೆ."

ನನ್ನ ಎದೆಯ ಮೇಲೆ ನಾಲ್ಕು ದಿನದಿಂದ ಕೂತಿದ್ದದ್ದು ಇಳಿಯಿತು. ಕೊಲೆಯಲ್ಲ. ಮುದುಕಿಯೊಬ್ಬಳ ಕೈಯ ರೂಢಿ, ಮಗನೊಬ್ಬನ ಕೈಯ ರೂಢಿ, ನಡುವೆ ಸಿಕ್ಕ ಒಳ್ಳೆಯವನೊಬ್ಬ. ಎಂಬತ್ತು ದಾಟಿದ, ನೆನಪಿಲ್ಲದ ಹೆಂಗಸನ್ನು ಯಾವ ಕೋರ್ಟೂ ಜೈಲಿಗೆ ಹಾಕುವುದಿಲ್ಲ. ಬಾಂಗ್ ದೋಣಿ ಹತ್ತಬೇಕಾಗಿಲ್ಲ. ಅಜ್ಜಿಗೆ ತುತ್ತು ಹಿಡಿಯಲು ಕೈ ಇರುತ್ತದೆ.

ಫೋನು ತೆಗೆದು ಸಾಹೇಬರಿಗೆ ಹೇಳಿಬಿಟ್ಟೆ. ಆಕಸ್ಮಿಕ, ಯಾರನ್ನೂ ಕಳಿಸುತ್ತಿಲ್ಲ, ವಿವರ ಸಂಜೆ ಬರೆದು ತರುತ್ತೇನೆ ಎಂದು.

"ದೇವರು ದೊಡ್ಡವನು," ಅಂದರು ಸಾಹೇಬರು. "ಹೋಗಿ ಮಲಗು. ನಿನ್ನ ದನಿ ಕೇಳಿದ್ರೆ ನನಗೇ ನಿದ್ದೆ ಬರ್ತಿದೆ."

ಬಾಂಗ್ ನನ್ನ ಕೈಗಳನ್ನು ಹಿಡಿದು ಹಣೆಗೊತ್ತಿಕೊಂಡ. ಅವನ ಒದ್ದೆ ಕೂದಲಿನಿಂದ ಉಪ್ಪುನೀರು ನನ್ನ ಮಣಿಕಟ್ಟಿಗೆ ತೊಟ್ಟಿಕ್ಕಿತು. ಥಾಕ್ ಅವನಿಗೆ ಒಣ ಅಂಗಿ ಕೊಡಲು ಆಫೀಸಿನೊಳಗೆ ಕರೆದುಕೊಂಡು ಹೋದ. "ನನ್ನ ಅಂಗಿ ನಿಮಗೆ ಕುಪ್ಪಸ ಆಗುತ್ತೆ ಅಣ್ಣ, ಏನ್ ಮಾಡೋದು," ಎನ್ನುವುದು ಕೇಳಿಸಿತು.

ನಾನು ಪೆಟ್ಟಿಗೆ ಆರಿಸಲು ಹೋದೆ.

ಒಲೆ ಆರಿಸಿದ ಮೇಲೂ ಇನ್ನೊಮ್ಮೆ ಹೋಗಿ ನೋಡುವ ಜಾತಿಯವಳು ನಾನು. ಹಾಗಾಗಿ ಆರಿಸುವ ಮುನ್ನ ಗೆರೆಯನ್ನು ಇನ್ನೊಮ್ಮೆ ನೋಡಿದೆ. ಈ ಸಲ ಮೆಟ್ಟಿಲುಗಳನ್ನಲ್ಲ; ಅವು ಮುಗಿದ ಮೇಲೆ ಉಳಿದದ್ದನ್ನು.

ಅಜ್ಜಿ ಹೊರಬಂದ ಮೇಲೆ ಗೆರೆ ಮಟ್ಟಸವಾಗಿ ಸಾಗಿತ್ತು. ಮಟ್ಟಸ, ಆದರೆ ನಡುಗುತ್ತಿತ್ತು. ಬಾಂಗ್ ಕೈ ಆಡಿಸಿದಾಗ ನಡುಗಿದ ಹಾಗೆಯೇ. ತೋವಾನ್ ಒಳಗೆ ಬದುಕಿದ್ದ. ನಡುಕ ಸಣ್ಣದಾಗುತ್ತ, ಬಿಟ್ಟು ಬಿಟ್ಟು ಬರುತ್ತ, ಕೋಳಿ ಕೂಗುವ ಹೊತ್ತಿನವರೆಗೂ ಎಳೆದಿತ್ತು. ರಸದಿಂದ ಏಳುವ ಕೆಟ್ಟ ಗಾಳಿ ಪ್ರತಿ ಸಲವೂ ಮನುಷ್ಯನನ್ನು ಒಮ್ಮೆಲೇ ಕೊಲ್ಲುವುದಿಲ್ಲ.

ತಾಯಿ ಇನ್ನೂ ಮೈಯೆಲ್ಲ ರಸವಾಗಿ ಶೆಡ್ಡಿನಲ್ಲೇ ನಿಂತಿದ್ದಳು ಎಂದಿದ್ದ; ಅಂದರೆ ಬಾಂಗ್ ಬಂದದ್ದೂ, ಕಲ್ಲಿಟ್ಟದ್ದೂ ಆ ನಡುಕ ಜೋರಾಗಿದ್ದಾಗಲೇ.

ನಾನು ಬೆರಳನ್ನು ಗೆರೆಯ ಉದ್ದಕ್ಕೂ ಸರಿಸಿದೆ. ನಡುಗುವ ಗೆರೆ, ಆದರೆ ಎಲ್ಲೂ ಇಳಿಜಾರಿಲ್ಲ. ಆ ಶೆಡ್ಡಿನಲ್ಲಿ ಇರುವುದು ಒಂದೇ ಪಂಪು. ಅದು ಓಡಿದರೆ ಆ ಟ್ಯಾಂಕಿನ ರಸ ಪೀಪಾಯಿಗೆ ಹೋಗಲೇಬೇಕು, ಗೆರೆ ಇಳಿಯಲೇಬೇಕು. ಹಿಂದಿನ ದಿನ ಇಳಿದಿತ್ತು. ಅದರ ಹಿಂದಿನ ದಿನವೂ ಇಳಿದಿತ್ತು. ಆ ರಾತ್ರಿ, ಅಜ್ಜಿಯ ಮೆಟ್ಟಿಲೊಂದನ್ನು ಬಿಟ್ಟರೆ, ಇಳಿದಿರಲಿಲ್ಲ.

ಪಂಪು ಓಡಿಯೇ ಇರಲಿಲ್ಲ. ಶೆಡ್ಡು ಸ್ತಬ್ಧವಾಗಿತ್ತು. ಒಳಗಿನಿಂದ ಬಡಿದರೆ ಪ್ರತಿಯೊಂದು ಪೆಟ್ಟೂ ಕೇಳಿಸುತ್ತಿತ್ತು.

ಪೆಟ್ಟಿಗೆ ಆರಿಸದೆ ಹೊರಗೆ ಬಂದೆ. ಬಿಸಿಲು ಕಣ್ಣಿಗೆ ಚುಚ್ಚಿತು.

*

ನಾಮ್ ಅಜ್ಜಿ ಮಡಿಲಲ್ಲಿ ಉದುರಿದ ಬಾದಾಮಿ ಎಲೆಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ.

"ಉಂಡ್ಯಾ ಮಗಳೇ?"

"ಉಂಡೆ ಅಜ್ಜಿ." ಉಂಡಿರಲಿಲ್ಲ.

"ಆ ಹುಡುಗ ಉಂಡ್ನಾ?"

"ಯಾವ ಹುಡುಗ?"

"ನನ್ನ ಎತ್ತಿದ್ನಲ್ಲ. ಕತ್ತೆಗೆ ಬೈದ ಹಾಗೆ ಬೈದ, ಆದ್ರೂ ಎತ್ತಿದ. ಹೆಗಲ ಮೇಲೆ ನಿಲ್ಲಿಸ್ಕೊಂಡು, ಹಿಡ್ಕೋ ಅಜ್ಜಿ, ಹತ್ತು ಅಜ್ಜಿ ಅಂತ. ಬಾಯಲ್ಲೆಲ್ಲ ರಸ ಹೋಗಿತ್ತು ಪಾಪ." ಅವಳು ಒಂದು ಎಲೆಯನ್ನು ತಿರುಗಿಸಿ ನೋಡಿ ಸರಿಯಾಗಿಟ್ಟಳು. "ಬರೀ ಹೊಟ್ಟೆಗೆ ರಸ ಹೋದ್ರೆ ಬಾಯಾರುತ್ತೆ. ನೀರು ಕೊಡಬೇಕು."

ಶೆಡ್ಡಿನ ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ. ಆಫೀಸಿನೊಳಗೆ ಥಾಕ್ ಏನೋ ಹೇಳಿ ತಾನೇ ನಗುತ್ತಿದ್ದ.

"ಆಮೇಲೆ ಏನಾಯ್ತು ಅಜ್ಜಿ?"

"ಆಮೇಲೆ ಮುಚ್ಚಿದೆ. ತೆರೆದು ಬಿಟ್ರೆ ನೊಣ ಕೂರುತ್ತೆ."

"ಅವನು ಕೂಗ್ಲಿಲ್ವಾ?"

"ಕೂಗ್ದ. ಬಡಿದ. ಡಣ್ ಡಣ್ ಅಂತ. ನನ್ನ ಮಗ ಬಂದ್ನಲ್ಲ, ಅವನಿಗೆ ಹೇಳ್ದೆ. ಒಳಗೆ ಯಾರೋ ಇದಾರೆ ಕಣೋ ಅಂತ."

"ಬಾಂಗ್ ಅಣ್ಣ ಏನಂದ್ರು?"

ಅಜ್ಜಿ ನೆನಪು ಮಾಡಿಕೊಳ್ಳಲು ಕಷ್ಟಪಡಲಿಲ್ಲ. ನಿನ್ನೆಯದೇ ಎಂಬಂತೆ ಹೇಳಿದಳು.

"ಮುಚ್ಚಳಕ್ಕೆ ಬಾಯಿ ಹಚ್ಚಿ ಹೇಳ್ದ. ಸ್ವಲ್ಪ ತಾಳು ತೋವಾನ್, ಅಮ್ಮನ್ನ ಮನೆಗೆ ಬಿಟ್ಟು ಬರ್ತೀನಿ ಅಂತ. ಆ ಹುಡುಗ ಸುಮ್ನಾದ. ಒಳ್ಳೆ ಹುಡುಗ, ಹೇಳಿದ್ದು ಕೇಳ್ತಾನೆ. ಆಮೇಲೆ ನನ್ನ ಮಗ ಕಲ್ಲಿಟ್ಟ." ಅವಳು ತಲೆ ಎತ್ತಿ ನನ್ನನ್ನು ನೋಡಿದಳು. "ಬಂದು ತೆಗೆದ್ನೋ ಇಲ್ವೋ ಗೊತ್ತಾಗ್ಲಿಲ್ಲ ನೋಡು. ನಾನು ನಿದ್ದೆ ಹೋಗ್ಬಿಟ್ಟೆ."

ಜಲ್ಲಿಯ ಮೇಲೆ ಹೆಜ್ಜೆ ಸದ್ದಾಯಿತು.

ಬಾಂಗ್ ನಿಂತಿದ್ದ. ಥಾಕ್‌ನ ಅಂಗಿ 'ಎಲ್ಲಿ ಹರಿದೇನೋ' ಎಂಬಂತೆ ಮೈಗೆ ಬಿಗಿದಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದನೋ ತಿಳಿಯಲಿಲ್ಲ.

"ಏನಂತಾಳೆ ಅಮ್ಮ?"

ನಾನು ಮುಖ ನೆಲದ ಕಡೆ ಇಟ್ಟುಕೊಂಡೇ ಎದ್ದೆ, ಮೊಣಕಾಲಿನ ಧೂಳು ಕೊಡವಿಕೊಳ್ಳುವ ನೆಪದಲ್ಲಿ.

"ಉಂಡ್ಯಾ ಅಂತ ಕೇಳ್ತಿದ್ರು."

"ಅಷ್ಟೇನಾ?"

"ನೊಣ ಕೂರುತ್ತೆ ಅಂದ್ರು. ಏನು ಅಂತ ಅರ್ಥ ಆಗ್ಲಿಲ್ಲ ಅಣ್ಣ."

ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ಓದಿದ. ಆಮೇಲೆ ನಕ್ಕ, ದಣಿದ ಮಗನ ನಗು. "ಅವಳಿಗೆ ಈಗ ನೊಣ ಬಿಟ್ರೆ ಬೇರೆ ಲೋಕ ಇಲ್ಲ," ಅಂದ. ತಾಯಿಯನ್ನು ಮೆತ್ತಗೆ ಎಬ್ಬಿಸಿ, ಮಡಿಲಿನ ಎಲೆಗಳನ್ನು ಉದುರಿಸಿ, ಸ್ಕೂಟರಿಗೆ ಕೂರಿಸಿ, ಚೌಕುಳಿ ವಸ್ತ್ರದಿಂದ ತನ್ನ ಸೊಂಟಕ್ಕೆ ಕಟ್ಟಿಕೊಂಡ. ಗಂಟನ್ನು ಎರಡು ಸಲ ಎಳೆದು ನೋಡಿದ.

ಅಜ್ಜಿ ಅವನ ಬೆನ್ನಿಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದಳು.

ಬಾಯಿ ತೆರೆದರೆ ತಡೆಯಬಹುದಿತ್ತು. ಆದರೆ ಏನೆಂದು ತಡೆಯಲಿ? ಒಂದು ನಡುಗುವ ಗೆರೆ, ನೆನಪಿಲ್ಲದವಳ ಒಂದು ಮಾತು. ಆಕಸ್ಮಿಕ ಎಂದು ನಾನೇ ಫೋನಿನಲ್ಲಿ ಹೇಳಿ ಮುಗಿಸಿದ್ದೆ. ಈಗ ಸಾಹೇಬರಿಗೆ ಹೇಳಿದರೆ ಸಂಜೆಯೊಳಗೆ ಬಾಂಗ್‌ನ ಕಿವಿಗೆ ಬೀಳುತ್ತದೆ. ಈ ದ್ವೀಪದಲ್ಲಿ ಮಾತು ನಿಲ್ಲುವುದಿಲ್ಲ. ಆ ರಾತ್ರಿಯನ್ನು ಕಂಡವಳು ಒಬ್ಬಳೇ. ಅವಳು ಮಲಗುವುದು ಅವನ ಮನೆಯಲ್ಲಿ, ತಿನ್ನುವುದು ಅವನ ಕೈಯಿಂದ. ಅವಳಿಗೆ ಏನೂ ನೆನಪಿಲ್ಲ ಎಂದು ಅವನು ನಂಬಿರುವವರೆಗೆ ಮಾತ್ರ ಆ ಕೈ ತುತ್ತು ಹಿಡಿಯುತ್ತದೆ.

ಸ್ಕೂಟರು ಗೇಟು ದಾಟಿತು.

"ಅಳು ಬಂದ್ಬಿಡ್ತು ಅಕ್ಕ," ಥಾಕ್ ಪಕ್ಕಕ್ಕೆ ಬಂದು ನಿಂತು ಎಳನೀರಿನ ಬುರುಡೆಯೊಂದನ್ನು ನನ್ನ ಕೈಗಿಟ್ಟ. "ಇಂಥ ಮಗ ಎಲ್ಲಿ ಸಿಗ್ತಾನೆ ಹೇಳಿ. ಅಜ್ಜಿ ಏನಾದ್ರೂ ಹೇಳಿದ್ಲಾ?"

ಅವನ ಮುಖ ನೋಡಿದೆ. ಒಳ್ಳೆಯ ಹುಡುಗ, ಬಾಯಿಗೆ ಬೀಗವಿಲ್ಲದವನು.

ಸಾಹೇಬರಿಗಲ್ಲ, ತೋವಾನ್‌ನ ಹೆಂಡತಿಗಲ್ಲ, ಇವನಿಗೂ ಅಲ್ಲ. ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ಆ ಬಿಸಿಲಲ್ಲೇ ತೀರ್ಮಾನಿಸಿದೆ.

"ಇಲ್ಲ," ಅಂದೆ. "ಏನೂ ಹೇಳ್ಲಿಲ್ಲ."